ಒಂಬತ್ತನೇ ತರಗತಿಯ ಚಟುವಟಿಕೆ ಮತ್ತು ನಮೂನೆ 26

ಚುನಾವಣೆಗೆ ನಿಂತವರು ಸಲ್ಲಿಸುವ ಅಫಿಡವಿಟ್‌ಗಳನ್ನು ಯಾರು ಬೇಕಾದರೂ ಓದಲು ಸಿಗುವಂತೆ ಭಾರತ ಚುನಾವಣಾ ಆಯೋಗವು ಒಂದು ಜಾಲತಾಣವನ್ನು ನಡೆಸುತ್ತದೆ. ನಾನು ಅದನ್ನು ಮೊದಲ ಸಲ ತೆರೆದದ್ದು ನಾಗರಿಕ ಪ್ರಜ್ಞೆಯಿಂದೇನೂ ಅಲ್ಲ, ಮಗಳ ಶಾಲೆಯ ಚಟುವಟಿಕೆ ಸೋಮವಾರದೊಳಗೆ ಮುಗಿಯಬೇಕಿತ್ತು. ಶಿವಮೊಗ್ಗದಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಅವಳಿಗೆ ಸಮಾಜ ವಿಜ್ಞಾನದ ಮೇಡಂ, 2023ರ ವಿಧಾನಸಭಾ ಚುನಾವಣೆಗೆ ನಿಂತಿದ್ದ ಯಾರಾದರೂ ಒಬ್ಬರ ಆಸ್ತಿ ವಿವರವನ್ನು ಓದಿ ಎರಡು ಪುಟ ಬರೆದು ತರಲು ಹೇಳಿದ್ದರು. ಶನಿವಾರ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನ ಎದುರು ಕುಳಿತ ನಾವಿಬ್ಬರೂ ಎದ್ದಾಗ ಹನ್ನೊಂದೂವರೆ ದಾಟಿತ್ತು. ಆ ಬಳಿಕವೂ ಹಲವು ಸಲ ಬಳಸಿದ್ದೇನೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಈ ಸೇವೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಬಳಕೆಯಲ್ಲಿ ಕಷ್ಟವಿಲ್ಲ. ಚುನಾವಣೆ, ರಾಜ್ಯ, ಕ್ಷೇತ್ರಗಳನ್ನು ಆರಿಸಿಕೊಂಡರೆ ನಾಮಪತ್ರ ಸಲ್ಲಿಸಿದವರೆಲ್ಲರ ಪಟ್ಟಿ ಭಾವಚಿತ್ರ ಸಹಿತ ಬರುತ್ತದೆ. ಯಾರ ನಾಮಪತ್ರ ಸ್ವೀಕೃತವಾಯಿತು, ಯಾರದು ತಿರಸ್ಕೃತವಾಯಿತು, ಯಾರು ಹಿಂದಕ್ಕೆ ಪಡೆದರು ಎಂಬುದೂ ತಿಳಿಯುತ್ತದೆ. ಶುಲ್ಕವಿಲ್ಲ. ಆದರೆ ಇಳಿಸಿಕೊಳ್ಳಲು ಸಿಗುವುದು ಅಭ್ಯರ್ಥಿ ಕೊಟ್ಟ ಕಾಗದದ ಸ್ಕ್ಯಾನ್ ಪ್ರತಿ. ಕೆಲವು ಕನ್ನಡದಲ್ಲಿವೆ, ಕೆಲವು ಇಂಗ್ಲಿಷಿನಲ್ಲಿ; ಪುಟಪುಟದ ಮೇಲೂ ನೋಟರಿಯ ಮೊಹರು ಬಿದ್ದು ಅದರಡಿಯ ಅಂಕಿ ಮಸುಕಾಗಿರುವುದೂ ಉಂಟು. ಮೊಬೈಲಿನಲ್ಲಿ ಓದುವ ಸಾಹಸ ಬೇಡ. ಹಿಂದಿನ ಚುನಾವಣೆಗಳೊಂದಿಗೆ ಹೋಲಿಸಿ ನೋಡುವವರಿಗೆ, ಚುನಾವಣಾ ಸುಧಾರಣೆಗಾಗಿ ಕೆಲಸ ಮಾಡುವ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಎಂಬ ಸರ್ಕಾರೇತರ ಸಂಸ್ಥೆಯು ಇವೇ ಅಫಿಡವಿಟ್‌ಗಳ ಅಂಕಿಗಳನ್ನು ಕೋಷ್ಟಕವಾಗಿ ಜೋಡಿಸಿಟ್ಟಿರುವ ಮೈನೇತಾ ತಾಣವೇ ಹೆಚ್ಚು ಅನುಕೂಲ.

ಈ ಕಾಗದ ನಮ್ಮ ಕೈಗೆ ಬಂದದ್ದೂ ಆ ಸಂಸ್ಥೆಯಿಂದಲೇ ಎಂಬುದು ಮಗಳಿಗಿರಲಿ, ನನಗೂ ತಿಳಿದಿರಲಿಲ್ಲ. ಎಡಿಆರ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಮೇ ತಿಂಗಳಲ್ಲಿ, ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾರ್ಹತೆ ಮತ್ತು ಕ್ರಿಮಿನಲ್ ಪ್ರಕರಣಗಳನ್ನು ತಿಳಿಯುವುದು ಮತದಾರನ ಹಕ್ಕೆಂದು ಹೇಳಿತು. ಅದನ್ನು ಮೊಟಕುಗೊಳಿಸಲು ಸಂಸತ್ತು ತಂದ ತಿದ್ದುಪಡಿಯನ್ನು 2003ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು. ಯಾವ ಕಲಂ ಅನ್ನೂ ಖಾಲಿ ಬಿಡುವಂತಿಲ್ಲ, ಇಲ್ಲದಿದ್ದರೆ ಇಲ್ಲವೆಂದೇ ಬರೆಯಬೇಕು ಎಂಬ ಕಟ್ಟುಪಾಡು ಬಂದದ್ದು 2013ರ ತೀರ್ಪಿನಿಂದ. ಐದು ವರ್ಷಗಳ ಆದಾಯ ತೆರಿಗೆ ವಿವರ ಸೇರಿಕೊಂಡದ್ದು 2019ರಲ್ಲಿ.

ನಮೂನೆ 26 ಎಂದು ಕರೆಯುವ ಈ ಅಫಿಡವಿಟ್‌ನ ಹೆಚ್ಚುಗಾರಿಕೆ ಇರುವುದು ಅದರ ಕಲಂಗಳಲ್ಲಿ. ತಾನು, ಪತಿ ಅಥವಾ ಪತ್ನಿ, ಅವಲಂಬಿತರು ಎಂದು ಸಾಲಾಗಿ ಮನೆಮಂದಿಯೆಲ್ಲ ನಿಲ್ಲುತ್ತಾರೆ. ಕೈಯಲ್ಲಿರುವ ನಗದು, ಬ್ಯಾಂಕಿನ ಠೇವಣಿ, ವಾಹನ, ಒಡವೆಯ ತೂಕ ಮತ್ತು ಬೆಲೆ ಒಂದು ಕಡೆ. ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡಾಗ ಎಷ್ಟು, ಇಂದಿನ ಮಾರುಕಟ್ಟೆ ಬೆಲೆ ಎಷ್ಟು ಎಂಬುದು ಇನ್ನೊಂದು ಕಡೆ. ಸಾಲಗಳ ಪಟ್ಟಿ ಬೇರೆ, ಸರ್ಕಾರಕ್ಕೆ ಉಳಿಸಿಕೊಂಡಿರುವ ಬಾಕಿಯ ಪಟ್ಟಿ ಬೇರೆ. ನಾವು ಆರಿಸಿಕೊಂಡ ಅಭ್ಯರ್ಥಿ (ಹೆಸರು ಇಲ್ಲಿ ಬೇಡ, ಗೆದ್ದವರಲ್ಲ) ನಿವೇಶನವೊಂದನ್ನು ಕೊಂಡ ಬೆಲೆಗೇ ಇಂದಿನ ಮಾರುಕಟ್ಟೆ ಬೆಲೆಯನ್ನೂ ತೋರಿಸಿದ್ದರು. ನಮ್ಮ ಬೀದಿಯಲ್ಲೇ ಜಾಗದ ಬೆಲೆ ಏರಿದ ಪರಿಯನ್ನು ಊಟದ ಹೊತ್ತಿನಲ್ಲಿ ಕೇಳಿ ಕೇಳಿ ಬೆಳೆದ ಮಗಳು, ‘ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ವಾ ಅಮ್ಮಾ?’ ಎಂದಳು.

ಸೇವೆಯ ಮಿತಿ ಇರುವುದು ಅಲ್ಲಿಯೇ. ಬರೆದದ್ದು ಸುಳ್ಳೆಂದು ಕಂಡರೂ ಅದೊಂದೇ ಕಾರಣಕ್ಕೆ ಚುನಾವಣಾಧಿಕಾರಿಯು ನಾಮಪತ್ರವನ್ನು ತಿರಸ್ಕರಿಸಲು ಬರುವುದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಸುಳ್ಳು ಅಫಿಡವಿಟ್‌ಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ ಇವೆಯಾದರೂ ಅದಕ್ಕೆ ಯಾರಾದರೂ ದೂರು ಕೊಟ್ಟು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಗೆದ್ದು ಶಾಸಕರಾದವರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ ಎಂದು ನಾನು ಸಮಾಧಾನ ಹೇಳಿದ್ದಕ್ಕೆ, ‘ಅದನ್ನೂ ಅವರೇ ಬರೆಯೋದು ತಾನೇ’ ಎಂಬ ಉತ್ತರ ಬಂತು. ಅಷ್ಟಾದರೂ ಒಬ್ಬ ಮನುಷ್ಯ ತಾನು ಬರೆದದ್ದರ ಕೆಳಗೆ ಪ್ರಮಾಣ ಮಾಡಿ ಸಹಿ ಹಾಕಿರುವ ಕಾಗದ ಮತದಾರನ ಕೈಯಲ್ಲಿರುವುದು ಸಣ್ಣ ಮಾತಲ್ಲ. ಐದು ವರ್ಷ ಬಿಟ್ಟು ಅದೇ ಕೈಯಿಂದ ಬಂದ ಇನ್ನೊಂದು ಕಾಗದವನ್ನು ಪಕ್ಕದಲ್ಲಿಟ್ಟು ನೋಡಿದಾಗ ಅದರ ನಿಜವಾದ ಪ್ರಯೋಜನ ತಿಳಿಯುತ್ತದೆ.

ಎರಡು ಪುಟ ಬರೆದು ಮುಗಿದರೂ ಮಗಳು ಬಿಡಲಿಲ್ಲ. ನಮೂನೆಯ ಖಾಲಿ ಪ್ರತಿಯನ್ನು ಮುದ್ರಿಸಿಕೊಂಡು ಬಂದು, ಭಾನುವಾರ ಬೆಳಿಗ್ಗೆ ನಮ್ಮ ಮನೆಯದನ್ನೇ ತುಂಬತೊಡಗಿದಳು. ಒಡವೆಯ ಕಲಂಗೆ ಬಂದಾಗ ನನ್ನ ಸರ 40 ಗ್ರಾಂ ಎಂದೆ. ಅವಳು ಮಾತಾಡದೆ ಅಡುಗೆಮನೆಯಿಂದ ಕೇಕಿನ ಹಿಟ್ಟು ತೂಗುವ ತಕ್ಕಡಿಯನ್ನು ತಂದು ಮೇಜಿನ ಮೇಲಿಟ್ಟಳು. ಸರ ತೂಗಿದ್ದು 32 ಗ್ರಾಂ. ಮದುವೆಯಾದಾಗಿನಿಂದ ಅತ್ತೆಯವರ ಮುಂದೆ ನಾನು ಹೇಳಿಕೊಂಡು ಬಂದದ್ದು 40, ಅವರು ಆಗ ಅಲ್ಲೇ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಕೃಷಿಭೂಮಿಯ ಕಲಂ ಇನ್ನೂ ತೊಡಕಿನದು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಪಹಣಿ ಈಗಲೂ ಮಾವನವರ ತಂದೆಯ ಹೆಸರಿನಲ್ಲೇ ಇದೆ. ಪೌತಿ ಖಾತೆ ಮಾಡಿಸಬೇಕೆಂಬ ಮಾತು ಪ್ರತಿ ಹಬ್ಬದಲ್ಲೂ ಎದ್ದು, ಊಟದ ಎಲೆ ಎತ್ತುವಷ್ಟರಲ್ಲಿ ತಣ್ಣಗಾಗುತ್ತದೆ. ಅಂಥ ಜಮೀನನ್ನು ನಮ್ಮದೆಂದು ಬರೆಯಬೇಕೋ ಬೇಡವೋ ಎಂದು ಅವಳು ಕೇಳಿದಾಗ ಯಜಮಾನರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಸರ್ಕಾರದ ಬಾಕಿಯ ಕಲಂನಲ್ಲಿ ನೀರಿನ ಕಂದಾಯ ಸಿಕ್ಕಿಬಿತ್ತು. ಅದನ್ನು ಮರುದಿನವೇ ಕಟ್ಟಿದೆವು.

ಆದಾಯದ ದಾಖಲೆಗೆಂದು ಅವಳು ಕಡತ ತೆರೆದಾಗ, ಎರಡು ವರ್ಷದ ಹಿಂದೆ ವಿದ್ಯಾರ್ಥಿವೇತನಕ್ಕಾಗಿ ಮಾಡಿಸಿದ್ದ ಆದಾಯ ಪ್ರಮಾಣಪತ್ರ ಹೊರಬಂತು. ಅದರಲ್ಲಿ ಇದ್ದದ್ದು ನಾವೇ ಬರೆದುಕೊಟ್ಟ ಮೊತ್ತ, ನಮ್ಮ ಆಗಿನ ನಿಜವಾದ ಆದಾಯದ ಅರ್ಧಕ್ಕಿಂತಲೂ ಕಡಿಮೆ. ವಿದ್ಯಾರ್ಥಿವೇತನವೇನೋ ಬರಲಿಲ್ಲ, ಅದು ಬೇರೆ ಮಾತು. ‘ಎಲ್ಲರೂ ಹಾಗೇ ಬರೆಸೋದು ಪುಟ್ಟಿ’ ಎಂದರು ಯಜಮಾನರು. ಹಿಂದಿನ ರಾತ್ರಿ ಆ ಅಭ್ಯರ್ಥಿಯ ನಿವೇಶನವನ್ನು ಕುರಿತು ಅವರು ಆಡಿದ್ದ ಮಾತುಗಳು ಮೂವರಿಗೂ ನೆನಪಿದ್ದವು. ಮಗಳು ಹೀಯಾಳಿಸಲಿಲ್ಲ; ಹಾಗೆ ಮಾಡಿದ್ದರೆ ಗದರಿಸಿ ಸುಮ್ಮನಾಗಿಸಬಹುದಿತ್ತು.

ಎಂಟನೇ ತರಗತಿ ದಾಟಿದ ಮಕ್ಕಳಿಗೆ ಈ ತಾಣವನ್ನು ಖಂಡಿತವಾಗಿ ತೋರಿಸಬಹುದು, ಆದರೆ ಪಕ್ಕದಲ್ಲಿ ದೊಡ್ಡವರು ಕುಳಿತಿರಬೇಕು, ಕನ್ನಡದಲ್ಲಿ ಸಲ್ಲಿಸಿದ ಅಫಿಡವಿಟ್ ಆರಿಸಿಕೊಳ್ಳಬೇಕು, ಮುದ್ರಿಸಿಕೊಂಡು ಓದಬೇಕು. ಖಾಲಿ ನಮೂನೆಯನ್ನು ಮನೆಯಲ್ಲಿ ತುಂಬಿಸುವ ಆಟಕ್ಕೆ ಮುನ್ನ ಕಡತಗಳನ್ನು ಒಮ್ಮೆ ನೋಡಿಕೊಳ್ಳುವುದು ಕ್ಷೇಮ. ನಮ್ಮ ಮನೆಯ ನಮೂನೆ ಈಗ ಮೇಜಿನ ಖಾನೆಯಲ್ಲಿದೆ. ಉಳಿದ ಕಲಂಗಳನ್ನೆಲ್ಲ ನೀಲಿ ಪೆನ್ನಿನಲ್ಲಿ ತುಂಬಿದ್ದಾಳೆ; ಆದಾಯದ ಕಲಂನಲ್ಲಿ ಮಾತ್ರ ಪೆನ್ಸಿಲಿನಿಂದ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದಿಟ್ಟು, ಯಾವುದನ್ನು ಉಳಿಸಬೇಕೆಂದು ಅಪ್ಪ ಹೇಳಲಿ ಎಂದು ಕಾಯುತ್ತಿದ್ದಾಳೆ.