ವಿ4 ಡಾಂಗಲ್, ಉಬುಂಟು 22.04: ಡ್ರೈವರ್ ಹಾಕುವ ಯಾವ ದಾರಿ ವಾಸಿ?

ಆರ್‌ಟಿಎಲ್-ಎಸ್‌ಡಿಆರ್ ಅಂದರೆ ಕಂಪ್ಯೂಟರನ್ನೇ ರೇಡಿಯೊ ಮಾಡುವ ಯುಎಸ್‌ಬಿ ಡಾಂಗಲ್. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನ ವಿ3 ಡಾಂಗಲ್ ತೆಗೆದು ವಿ4 ಸಿಕ್ಕಿಸಿದ ಕೂಡಲೇ ಉಬುಂಟು 22.04ರಲ್ಲಿ ಮಂಗಳೂರು ಆಕಾಶವಾಣಿಯ 100.3 ಕೂಡ ಮಾಯ. ಕುಂಬಳೆಯಲ್ಲಿ ತಾರಸಿ ಮೇಲೆ ಬರೀ ತಂತಿ ಕಟ್ಟಿದರೂ ಸಿಗುವ ಸ್ಟೇಷನ್ ಅದು. ಟರ್ಮಿನಲ್‌ನಲ್ಲಿ ‘ಪಿಎಲ್‌ಎಲ್ ನಾಟ್ ಲಾಕ್ಡ್’ (ಟ್ಯೂನರ್ ಕೇಳಿದ ಫ್ರೀಕ್ವೆನ್ಸಿಗೆ ನಿಲ್ಲುತ್ತಿಲ್ಲ) ಎಂಬ ಸಾಲು ಬರುತ್ತಲೇ ಇರುತ್ತದೆ. ಡಾಂಗಲ್ ಹಾಳಾಗಿಲ್ಲ ಮಾರಾಯ್ರೆ, ವಾಪಸ್ ಕಳಿಸಬೇಡಿ. ಉಬುಂಟು ಕೊಡುವ ಡ್ರೈವರ್ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್ 0.6.0 ಈ ವಿ4 ಹುಟ್ಟುವ ಮೊದಲಿನದು. ವಿ4ರ ಟ್ಯೂನರ್ ಆರ್828ಡಿ. ಆ ಚಿಪ್ ಕಂಡರೆ ಹಳೆ ಡ್ರೈವರ್ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆಯೆಂದು ಲೆಕ್ಕ ಹಾಕುತ್ತದೆ; ಬೋರ್ಡಿನ ಮೇಲಿರುವುದು 28.8. ಮತ್ತೆ ಸ್ಟೇಷನ್ ಎಲ್ಲಿಂದ ಸಿಗಬೇಕು?

ಹೊಸ ಡ್ರೈವರ್ ಬೇಕು, ಅದರಲ್ಲಿ ತಕರಾರಿಲ್ಲ. ಹಾಕುವುದು ಹೇಗೆ ಎಂಬಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಒಂದೇ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಹಾಕಿ ನೋಡಿದೆ.

ಹೆಚ್ಚಿನವರು ಹಿಡಿಯುವುದು ಸೋರ್ಸ್ ಇಳಿಸಿ ‘ಮೇಕ್ ಇನ್‌ಸ್ಟಾಲ್’ ಕೊಡುವ ದಾರಿ. ಅದಕ್ಕೆ ಮೊದಲು ಹಳೆ ಡ್ರೈವರನ್ನು ಪರ್ಜ್ ಮಾಡಬೇಕಂತೆ, ಅಂದರೆ ಬುಡಸಮೇತ ತೆಗೆಯಬೇಕಂತೆ. ಮಾಡಿದರೆ ಅದನ್ನೇ ನೆಚ್ಚಿಕೊಂಡ ಜಿಆರ್-ಆಸ್ಮೋಎಸ್‌ಡಿಆರ್ (ರೇಡಿಯೊ ತಂತ್ರಾಂಶಕ್ಕೆ ಡಾಂಗಲ್ ಜೋಡಿಸುವ ಕೊಂಡಿ), ಜಿಕ್ಯೂಆರ್‌ಎಕ್ಸ್ (ರೇಡಿಯೊ ಕೇಳುವ ತಂತ್ರಾಂಶ) ಕೂಡ ಹೊರಟೇ ಹೋಗುತ್ತವೆ. “ಎಂತ ಭಾವ, ಒಂದು ತೆಗೆ ಅಂದರೆ ಮೂರು ತೆಗೆಯಿತಲ್ಲ ಇದು!” ಎಂದು ಪೆರ್ಲದಿಂದ ಫೋನು ಬಂದಿತ್ತು. ಜಿಕ್ಯೂಆರ್‌ಎಕ್ಸನ್ನು ಪುನಃ ಹಾಕಿದಿರೋ, ಅದರ ಬೆನ್ನಿಗೇ ಹಳೆ ಡ್ರೈವರೂ ಒಳಗೆ. ಈಗ ಯುಎಸ್‌ಆರ್-ಲೋಕಲ್ ಫೋಲ್ಡರಿನಲ್ಲಿ ಹೊಸದು, ಯುಎಸ್‌ಆರ್-ಲಿಬ್‌ನಲ್ಲಿ ಹಳೆಯದು, ಎರಡಕ್ಕೂ ಒಂದೇ ಹೆಸರು. ಲೈಬ್ರರಿಗಳ ಪಟ್ಟಿ ಹೊಸದು ಮಾಡುವ ಎಲ್‌ಡಿಕಾನ್ಫಿಗ್ ಓಡಿಸಿದರೆ ಸಾಮಾನ್ಯವಾಗಿ ಲೋಕಲ್‌ನದ್ದೇ ಗೆಲ್ಲುತ್ತದೆ, ಓಡಿಸಲು ಮರೆತರೆ ಪಿಎಲ್‌ಎಲ್ ರಗಳೆ ಮತ್ತೆ ಶುರು. ನಿಜಕ್ಕೂ ಯಾವುದು ಲೋಡ್ ಆಗುತ್ತಿದೆ ಎಂದು ತಿಳಿಯಲು ಜಿಕ್ಯೂಆರ್‌ಎಕ್ಸ್ ಮೇಲೆ ಎಲ್‌ಡಿಡಿ ಓಡಿಸಿ, ಆರ್‌ಟಿಎಲ್‌ಎಸ್‌ಡಿಆರ್ ಸಾಲಿನ ಎದುರಿರುವ ದಾರಿಯನ್ನು ಓದಬೇಕು. ಕೆಲಸ ಆಗುತ್ತದೆ, ಆದರೆ ಇಂಥದ್ದೊಂದು ಫೈಲು ಇದೆ ಎಂಬ ಲೆಕ್ಕ ಉಬುಂಟುವಿನ ಪ್ಯಾಕೇಜ್ ನೋಡಿಕೊಳ್ಳುವ ಆಪ್ಟ್‌ನ ಬಳಿ ಇರುವುದಿಲ್ಲ. ನನಗೆ ಇದು ಬೇಡ.

ಅದೇ ಸೋರ್ಸನ್ನು ಉಬುಂಟುವಿನದೇ ಬಗೆಯ ಡೆಬ್ ಪ್ಯಾಕೇಜ್ ಆಗಿ ಕಟ್ಟುವುದಕ್ಕೂ ಬರುತ್ತದೆ. ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಕೊಟ್ಟು, ಸಿಕ್ಕಿದ ಫೈಲುಗಳನ್ನು ಡಿಪಿಕೆಜಿಯಿಂದಲೇ ಹಾಕಿದರೆ ಹೊಸದು ಹಳೆಯದರ ಜಾಗದಲ್ಲೇ ಕೂರುತ್ತದೆ. ಏನನ್ನೂ ಪರ್ಜ್ ಮಾಡಬೇಕಾಗಿಲ್ಲ, ಜಿಕ್ಯೂಆರ್‌ಎಕ್ಸ್‌ಗೆ ಸುದ್ದಿಯೇ ಗೊತ್ತಾಗುವುದಿಲ್ಲ. ಮುಂದಿನ ಅಪ್‌ಗ್ರೇಡ್‌ನಲ್ಲಿ ಹಳೆಯದು ಹಿಂದೆ ಬರಬಾರದೆಂದು ಆಪ್ಟ್-ಮಾರ್ಕ್ ಹೋಲ್ಡ್ ಹಾಕಿಡಿ. ದಿನನಿತ್ಯ ಕೇಳುವವರಿಗೆ ಇದಕ್ಕಿಂತ ಸಲೀಸಾದದ್ದು ಇಲ್ಲ.

ಗ್ನೂ ರೇಡಿಯೊದಲ್ಲಿ ಫ್ಲೋಗ್ರಾಫ್ (ಬ್ಲಾಕ್‌ಗಳನ್ನು ಜೋಡಿಸಿ ಮಾಡುವ ಸ್ವಂತ ರಿಸೀವರ್) ಕಟ್ಟುವವರ ಕಥೆ ಬೇರೆ. 22.04 ಕೊಡುವುದು 3.10.1, ಅದಕ್ಕಿಂತ ಹೊಸದು ಬೇಕೆಂದು ಸೋರ್ಸ್‌ನಿಂದ ಕಟ್ಟಲು ಕೂತರೆ ಹಳೆ ಲ್ಯಾಪ್‌ಟಾಪು ಗಂಟೆಗಟ್ಟಲೆ ಬಿಸಿಯಾಗಿ ಕೂರುತ್ತದೆ, ಆಟಿಯ ಮಳೆಗೆ ನಡುವೆ ಕರೆಂಟೂ ಹೋಗುತ್ತದೆ. ಅಲ್ಲಿ ರೇಡಿಯೊಕಾಂಡಾ, ಅಂದರೆ ಕಟ್ಟಿ ಸಿದ್ಧವಾದ ರೇಡಿಯೊ ತಂತ್ರಾಂಶಗಳ ಗಂಟು, ಮೇಲು. ಇಳಿಸುವುದು ದೊಡ್ಡ ಫೈಲು, ಮೊಬೈಲ್ ಡೇಟಾ ನೋಡಿಕೊಳ್ಳಿ. ಆದರೆ ಗ್ನೂ ರೇಡಿಯೊ, ಡ್ರೈವರ್, ಪೈಥಾನ್, ಅದರ ಗಣಿತದ ಲೈಬ್ರರಿ ನಂಪೈ ಎಲ್ಲ ಒಂದಕ್ಕೊಂದು ಹೊಂದುವ ಆವೃತ್ತಿಯಲ್ಲೇ ಒಂದೇ ಫೋಲ್ಡರಿನಲ್ಲಿ ಬರುತ್ತವೆ. ಬೇಡವಾದರೆ ಫೋಲ್ಡರ್ ಅಳಿಸಿದರಾಯಿತು. ಡಾಂಗಲ್ ಮುಟ್ಟಲು ಅನುಮತಿ ಕೊಡುವ ಯುಡೆವ್ ನಿಯಮದ ಲಿಂಕ್ ಮಾತ್ರ ಕೈಯಾರೆ ಹಾಕಬೇಕು.

ಇದನ್ನು ಕೆಡಿಸುವುದು ಹೊರಗಿನ ಎರಡು ಸಂಗತಿ. ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗ ಓದುವ ಫೈಲು) ಹಿಂದೆಂದೋ ಬರೆದ ಪೈಥಾನ್‌ಪಾತ್ (ಪೈಥಾನ್ ಮಾಡ್ಯೂಲು ಹುಡುಕುವ ದಾರಿ) ಉಳಿದಿದ್ದರೆ ಕಾಂಡಾದ ಪೈಥಾನ್ ಹೋಗಿ ಯುಎಸ್‌ಆರ್-ಲೋಕಲ್‌ನ ಗ್ನೂ ರೇಡಿಯೊವನ್ನು ಎತ್ತಿಕೊಳ್ಳುತ್ತದೆ, ‘ಅನ್‌ಡಿಫೈನ್ಡ್ ಸಿಂಬಲ್’ ಎಂದು ಬೀಳುತ್ತದೆ. ಇನ್ನೊಂದು, ಪೈಥಾನ್ ಪ್ಯಾಕೇಜ್ ಹಾಕುವ ಪಿಪ್. 2024ರಲ್ಲಿ ನಂಪೈ 2.0 ಬಂದ ಮೇಲೆ, 1.x ಇಟ್ಟುಕೊಂಡು ಕಂಪೈಲ್ ಮಾಡಿದ ಮಾಡ್ಯೂಲುಗಳು ಅದರ ಜತೆ ಓಡುವುದಿಲ್ಲ. ಬೇರೇನನ್ನೋ ಪಿಪ್‌ನಿಂದ ಹಾಕುವಾಗ ನಂಪೈ ಸದ್ದಿಲ್ಲದೆ ಬದಲಾಗಿರುತ್ತದೆ. ಕಾಂಡಾದೊಳಗೆ ಕಾಂಡಾದಿಂದಲೇ ಹಾಕಿ.

ಡಾಕರ್, ಅಂದರೆ ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ದಾರಿ? ಪಣಂಬೂರಿಗೆ ಬರುವ ಹಡಗುಗಳ ಎಐಎಸ್ (ತಾನೆಲ್ಲಿದ್ದೇನೆಂದು ಹಡಗು ಬಿಡುವ ಸಂದೇಶ) ಹಿಡಿಯಲು ರಾಸ್ಪ್‌ಬೆರಿ ಪೈ ಮೇಲೆ ಚಂದ. ಸದ್ದು ಕೇಳಬೇಕು, ವಿಂಡೋ ಕಾಣಬೇಕು ಎಂದರೆ ಯುಎಸ್‌ಬಿ, ಆಡಿಯೊ, ಡಿಸ್‌ಪ್ಲೇ ಮೂರನ್ನೂ ಒಳಗೆ ದಾಟಿಸುತ್ತಾ ಕೂರಬೇಕು.

ಯಾವ ದಾರಿ ಹಿಡಿದರೂ ಕರ್ನಲ್‌ನ ಟಿವಿ ಮಾಡ್ಯೂಲ್ ಡಿವಿಬಿ_ಯುಎಸ್‌ಬಿ_ಆರ್‌ಟಿಎಲ್28ಎಕ್ಸ್‌ಎಕ್ಸ್‌ಯು ಬ್ಲ್ಯಾಕ್‌ಲಿಸ್ಟ್ ಆಗಿರಲಿ, ಅಂದರೆ ತಾನಾಗಿ ಲೋಡ್ ಆಗದಿರಲಿ. ಸದ್ಯ ನನ್ನಲ್ಲಿ ಕೇಳುವುದಕ್ಕೆ ಡೆಬ್, ಕಟ್ಟುವುದಕ್ಕೆ ಕಾಂಡಾ, ಎರಡಕ್ಕೂ ಬೇರೆ ಬೇರೆ ಟರ್ಮಿನಲ್. ಉಬುಂಟು 24.04ರಲ್ಲಿ ಡ್ರೈವರೇ 2.0.1, ವಿ4 ನೇರ ಓಡುತ್ತದೆ; ಅಲ್ಲಿಗೆ ಏರುವ ಮೊದಲು ಹಾಕಿಟ್ಟ ಹೋಲ್ಡ್ ತೆಗೆಯಿರಿ.