ಹಳೆ ಬೈಕಿನ ವಯರಿಂಗ್ ಮತ್ತು ಒಂದು ಹಳದಿ ಮಲ್ಟಿಮೀಟರ್: ಹಲವು ಮಳೆಗಾಲಗಳ ನಂತರದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಹಳೆ ಬೈಕು ಇಟ್ಟುಕೊಂಡವರ ಮನೆಯಲ್ಲಿ ಒಂದು ಮಲ್ಟಿಮೀಟರ್, ಅಂದರೆ ವೋಲ್ಟ್, ಆಂಪಿಯರ್, ಓಮ್ ಎಲ್ಲ ಅಳೆಯುವ ಮೀಟರ್, ಇರಲೇಬೇಕು. ಅದು ದುಬಾರಿಯದ್ದೇ ಆಗಬೇಕು ಅಂತಿಲ್ಲ. ನಾನು ಬಳಸುತ್ತಿರುವುದು ಇಲೆಕ್ಟ್ರಿಕಲ್ ಅಂಗಡಿಗಳಲ್ಲಿ ನೇತಾಡುವ ಡಿಟಿ-830ಡಿ ಮಾದರಿಯ ಹಳದಿ ಮೀಟರ್. ಇದೇ ಮಾದರಿಯನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ನನ್ನದರ ಮೇಲೆ ಕಂಪನಿಯ ಹೆಸರೇ ಇಲ್ಲ. ಕಾಸರಗೋಡು ಪೇಟೆಯಿಂದ ಸುಮಾರು 250 ರೂಪಾಯಿಗೆ ತಂದದ್ದು. ಹಲವು ಮಳೆಗಾಲ ಕಳೆದ ಮೇಲೂ ಕೆಲಸ ಮಾಡುತ್ತಿದೆ. ಅದರಲ್ಲಿ ಏನು ನಂಬಬಹುದು, ಏನು ನಂಬಬಾರದು ಅನ್ನುವುದು ಈಗ ನನಗೆ ಚೆನ್ನಾಗಿ ಗೊತ್ತಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಅಪ್ಪ ತೆಗೆದದ್ದು, 1998ರ 100 ಸಿಸಿ. ಕಿಕ್ ಮಾತ್ರ, ಸೆಲ್ಫ್ ಇಲ್ಲ. ಬದಿಯಡ್ಕದಿಂದ ಪೆರ್ಲದ ಕಡೆಗೂ, ಕೆಲವೊಮ್ಮೆ ಕುಂಬಳೆಯ ಕಡಲ ಬದಿಗೂ ಓಡುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಕಡಲ ಹತ್ತಿರ ಹೋದರೆ ಉಪ್ಪು ಗಾಳಿ ಬೇರೆ. ಇಂಥ ಕಡೆ ಹಳೆ ಬೈಕಿನ ಇಂಜಿನ್‌ಗಿಂತ ಮೊದಲು ಸೋಲುವುದು ವಯರಿಂಗ್. ವಯರುಗಳನ್ನು ಜೋಡಿಸುವ ಕಪ್ಲರಿನೊಳಗೆ ಹಸಿರು ಕಿಲುಬು ಕಟ್ಟುತ್ತದೆ. ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸು ಹೋಗುವ ದಾರಿಯೇ ಅರ್ತ್; ಅದನ್ನು ಚಾಸಿಸ್ಸಿಗೆ ಬಿಗಿದ ಬೋಲ್ಟಿನ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ಹ್ಯಾಂಡಲ್ ತಿರುಗುವ ಜಾಗದಲ್ಲಿ ವಯರು ಒಳಗೊಳಗೇ ತುಂಡಾಗುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಸರಿ ಇರುತ್ತದೆ.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು. ತಪಾಸಣೆಗೆ ಹೋಗುವಾಗ ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲ ಸರಿ ಇರಲೇಬೇಕಲ್ವಾ? ಹಾಗಾಗಿ ನಮ್ಮಂಥವರಿಗೆ ಈ ಕೆಲಸ ಬರೀ ಹವ್ಯಾಸವಲ್ಲ.

ಈಗ ಮುಖ್ಯ ವಿಷಯ. ಈ ಮೀಟರಿನಲ್ಲಿ ಎಲ್ಲರೂ ಮೊದಲು ಇಷ್ಟಪಡುವುದು ಬೀಪ್ ಶಬ್ದವನ್ನು. ವಯರಿನ ಎರಡು ತುದಿಗೆ ಮೀಟರಿನ ಪ್ರೋಬ್ (ಮುಟ್ಟಿಸುವ ಕಡ್ಡಿ) ಹಿಡಿದರೆ ಕೂಗುತ್ತದೆ. ಕೂಗಿದರೆ ವಯರು ಸರಿ ಅಂತ ಮುಂದೆ ಹೋಗುತ್ತಾರೆ. ಹಳೆ ಬೈಕಿನಲ್ಲಿ ದಾರಿ ತಪ್ಪಿಸುವುದು ಇದೇ. ಈ ಮೀಟರ್ ವಯರಿನಲ್ಲಿ ಕರೆಂಟಿಗೆ ಹತ್ತಾರು ಓಮ್ ತಡೆ (ರೆಸಿಸ್ಟೆನ್ಸ್) ಇದ್ದರೂ ಬೀಪ್ ಕೊಡುತ್ತದೆ. ಆದರೆ 2 ಆಂಪಿಯರ್ ಎಳೆಯುವ ಹಾರ್ನಿನ ದಾರಿಯಲ್ಲಿ ಬರೀ 1 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹತ್ತಿಪ್ಪತ್ತು ಎಳೆಯ ವಯರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಕೆಲಸ ಕೊಟ್ಟಾಗ ಮಾತ್ರ ಆ ಒಂದು ಎಳೆಗೆ ತಾಳಲಿಕ್ಕೆ ಆಗುವುದಿಲ್ಲ. ಅಂದರೆ ಬೀಪ್ ಬಾರದಿದ್ದರೆ ವಯರು ಖಂಡಿತ ಹಾಳಾಗಿದೆ. ಬಂದರೆ ಇನ್ನೂ ಏನೂ ತೀರ್ಮಾನ ಆಗಿಲ್ಲ.

ಹಾಗಾದರೆ ಮಾಡುವುದೇನು? ದೋಷ ಇರುವ ಸಾಮಾನನ್ನು ಚಾಲೂ ಮಾಡಿ, ಅದು ಕೆಲಸ ಮಾಡುತ್ತಿರುವಾಗಲೇ ವೋಲ್ಟ್ ಅಳೆಯಬೇಕು. ನನ್ನ ಗಾಡಿಯ ಹಾರ್ನನ್ನೇ ತೆಗೆದುಕೊಳ್ಳಿ. ದನಿ ಸಣ್ಣಗಾಗಿತ್ತು. ಹೊಸ ಹಾರ್ನ್ ಹಾಕಿಸಿ ಅಂತ ಹೇಳಿದವರೇ ಜಾಸ್ತಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಹಾರ್ನ್ ಒತ್ತಿ ಹಿಡಿದಾಗ ಬ್ಯಾಟರಿಯ ಮೇಲೆ 12.5 ವೋಲ್ಟ್, ಹಾರ್ನಿನ ಎರಡು ಪಿನ್ನುಗಳ ಮೇಲೆ ಬರೀ 9.4. ನಡುವಿನ 3.1 ವೋಲ್ಟ್ ಎಲ್ಲಿ ಹೋಯಿತು? ಕೆಂಪು ಪ್ರೋಬನ್ನು ಬ್ಯಾಟರಿ ಪ್ಲಸ್ಸಿಗೆ, ಕಪ್ಪನ್ನು ಹಾರ್ನಿನ ಪ್ಲಸ್ ಪಿನ್ನಿಗೆ ಹಿಡಿದು ಮತ್ತೆ ಒತ್ತಿದೆ. 0.3 ಬಂತು. ಅಷ್ಟು ನಡೆಯುತ್ತದೆ. ಆಮೇಲೆ ಹಾರ್ನಿನ ಇನ್ನೊಂದು ಪಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ನೋಡಿದರೆ 2.8. ಕಳ್ಳ ಈ ಕಡೆಯೇ ಇದ್ದಾನೆ ಅಂತ ಆಯಿತು. ಈ ಕಡೆ ಇರುವುದು ಹಾರ್ನ್ ಸ್ವಿಚ್ಚು ಮತ್ತು ಅರ್ತ್. ಚಾಸಿಸ್ಸಿನ ಬರಿ ಕಬ್ಬಿಣಕ್ಕೆ ಒಂದು ಪ್ರೋಬ್, ಬ್ಯಾಟರಿ ಮೈನಸ್ಸಿಗೆ ಇನ್ನೊಂದು: 2.6. ಸ್ವಿಚ್ಚಿನ ತಪ್ಪಲ್ಲ, ಸೀಟಿನ ಅಡಿಯಲ್ಲಿ ಅರ್ತ್ ವಯರು ಬಿಗಿದ ಬೋಲ್ಟಿನದ್ದು.

ಬೋಲ್ಟ್ ಬಿಚ್ಚಿ, ಅಡಿಯ ಪೈಂಟ್ ಮತ್ತು ತುಕ್ಕನ್ನು ಸ್ಯಾಂಡ್ ಪೇಪರಿನಲ್ಲಿ ಬೆಳ್ಳಗಾಗುವ ತನಕ ಉಜ್ಜಿ, ವಾಷರ್ ಹಾಕಿ ಬಿಗಿದು, ಮೇಲಿನಿಂದ ತೆಳ್ಳಗೆ ಗ್ರೀಸ್ ಹಚ್ಚಿದೆ. ಹಾರ್ನ್ ಮೊದಲಿನ ದನಿಗೆ ಬಂತು. ಅದರ ಜೊತೆಗೆ ಇಂಡಿಕೇಟರಿನ ಬೆಳಕೂ ಜೋರಾಯಿತು. ಎಲ್ಲವೂ ಒಂದೇ ಅರ್ತನ್ನು ನಂಬಿಕೊಂಡಿದ್ದವು ನೋಡಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಬ್ಬಾಗಿ ಹತ್ತಿಕೊಳ್ಳುವುದು, ಎರಡು ಲೈಟು ಒಟ್ಟಿಗೆ ವಿಚಿತ್ರವಾಗಿ ಆಡುವುದು ಇಂಥದ್ದನ್ನು ಕಂಡರೆ ಬಲ್ಬ್ ಬದಲಿಸುವ ಮೊದಲು ಅರ್ತ್ ನೋಡಿ. ಸರಿಯಾದ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ವಾಪಸು ಹೋಗಲು ನೋಡುತ್ತದೆ.

ಈ ಒಂದು ಪರೀಕ್ಷೆಗೇ ಕೊಟ್ಟ ದುಡ್ಡು ಸಾರ್ಥಕ. ಡಿಸಿ ವೋಲ್ಟ್ ವಿಷಯದಲ್ಲಿ ಈ ಅಗ್ಗದ ಮೀಟರ್ ನಿಜಕ್ಕೂ ಚೆನ್ನಾಗಿದೆ. 20 ವೋಲ್ಟ್ ಜಾಗದಲ್ಲಿ 0.01ರ ತನಕ ತೋರಿಸುತ್ತದೆ. ಬೈಕಿನ ಕೆಲಸಕ್ಕೆ ಅಷ್ಟು ಧಾರಾಳ ಸಾಕು.

ಬ್ಯಾಟರಿಯ ಲೆಕ್ಕವೂ ಇದರಲ್ಲೇ ಆಗುತ್ತದೆ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ನೋಡಿ. 12.6ರಿಂದ 12.8 ಇದ್ದರೆ ತುಂಬಿದೆ. 12.2 ಅಂದರೆ ಹೆಚ್ಚುಕಮ್ಮಿ ಅರ್ಧ. ಚಾರ್ಜ್ ಮಾಡಿದ ಮೇಲೂ 10.5ರ ಸುತ್ತಲೇ ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆ, ಆ ಬ್ಯಾಟರಿಯನ್ನು ಬಿಟ್ಟುಬಿಡಿ. ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಏರಿಸಿದಾಗ 13.5ರಿಂದ 14.5 ಬರಬೇಕು. 15 ದಾಟಿದರೆ ಚಾರ್ಜಿನ ವೋಲ್ಟನ್ನು ಹದದಲ್ಲಿಡುವ ರೆಗ್ಯುಲೇಟರ್ ಕೈಕೊಟ್ಟಿದೆ. ಹಾಗೇ ಓಡಿಸಿದರೆ ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸಾಲಾಗಿ ಹೋಗುತ್ತವೆ.

ಪಕ್ಕದ ಮನೆಯ ಭಾವನ 150 ಸಿಸಿ ಗಾಡಿಯಲ್ಲಿ ನನಗೆ ಇದು ಚೆನ್ನಾಗಿ ಮನದಟ್ಟಾಯಿತು. "ಬ್ಯಾಟರಿ ಹೊಸತೇ ಮಾರಾಯ, ಆದರೂ ನಾಲ್ಕು ದಿನಕ್ಕೆ ಸೆಲ್ಫ್ ಹೊಡೆಯುವುದಿಲ್ಲ" ಅಂತ ಬೇಸರದಲ್ಲಿದ್ದರು. ಒಂದು ಗ್ಯಾರೇಜಿನಲ್ಲಿ ಅಳೆದು ನೋಡದೆಯೇ ಹೊಸ ಬ್ಯಾಟರಿ ಹಾಕಿ ಕಳಿಸಿದ್ದರು. ಮೀಟರ್ ಹಿಡಿದರೆ ಇಂಜಿನ್ ಎಷ್ಟು ಏರಿಸಿದರೂ 12.4ರಿಂದ ಮೇಲೆ ಹೋಗುತ್ತಿಲ್ಲ. ಚಾರ್ಜೇ ಆಗುತ್ತಿಲ್ಲ. ಇಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್‌ನಿಂದ ಬರುವ ವಯರುಗಳಲ್ಲಿ ಎಸಿ ವೋಲ್ಟ್ ಮಾತ್ರ ಆಕ್ಸಿಲರೇಟರ್ ಕೊಟ್ಟ ಹಾಗೆ ಏರುತ್ತಿತ್ತು. ಅಂದರೆ ಕಾಯಿಲ್ ಸರಿ ಇದೆ. ರೆಗ್ಯುಲೇಟರಿನ ಕಪ್ಲರ್ ಎಳೆದು ನೋಡಿದರೆ ಒಂದು ಪಿನ್ ಸುಟ್ಟು ಪ್ಲಾಸ್ಟಿಕ್ ಕರಗಿತ್ತು. ಹೊಸ ಕಪ್ಲರ್ ಹಾಕಿದ ಮೇಲೆ 14.1. ಭಾವ ಆ ಅಂಕಿಯನ್ನು ನೋಡುತ್ತಲೇ ನಿಂತುಬಿಟ್ಟರು. ಅಳೆಯದೆ ಸಾಮಾನು ಬದಲಿಸುವವರ ಮೇಲೆ ನನಗೆ ಅವತ್ತು ನಿಜಕ್ಕೂ ಸಿಟ್ಟು ಬಂತು. ಬ್ಯಾಟರಿಯ ದುಡ್ಡು ಯಾರಿಗೂ ಸುಮ್ನೆ ಬರುವುದಿಲ್ಲ.

ಮಳೆಗಾಲದ ಇನ್ನೊಂದು ಕಾಟ, ಸ್ಪಾರ್ಕ್ ಇಲ್ಲದಿರುವುದು. ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಎರಡು ದಿನ ಎಡೆಬಿಡದೆ ಸುರಿದರೆ ಕೆಲವು ಹಳೆ ಗಾಡಿಗಳು ಕಿಕ್ಕಿಗೆ ಓಗೊಡುವುದೇ ಇಲ್ಲ. ನನ್ನ ಗಾಡಿಯಲ್ಲಿ ಸ್ಪಾರ್ಕ್ ಕೊಡಿಸುವ ಪೆಟ್ಟಿಗೆ ಸಿಡಿಐ, ಅದಕ್ಕೆ ಕರೆಂಟು ಬರುವುದು ಮ್ಯಾಗ್ನೆಟ್‌ನಿಂದ. ಬ್ಯಾಟರಿ ಸತ್ತರೂ ಇಂಜಿನ್ ಓಡಬೇಕು. ಕೀ ಆಫ್ ಮಾಡಿದಾಗ ಸಿಡಿಐಯ ಒಂದು ವಯರು ಅರ್ತ್ ಆಗುತ್ತದೆ, ಇಂಜಿನ್ ನಿಲ್ಲುತ್ತದೆ. ಕೀ ಸ್ವಿಚ್ಚಿನೊಳಗೆ ನೀರು ಹೋದರೆ ಕೀ ಆನ್ ಇದ್ದರೂ ಆ ವಯರು ಅರ್ಧಂಬರ್ಧ ಅರ್ತ್ ಆಗಿಯೇ ಇರುತ್ತದೆ. ಗೊತ್ತುಮಾಡುವುದು ಸುಲಭ. ಆ ವಯರನ್ನು ಸಿಡಿಐಯಿಂದ ಬಿಡಿಸಿ ಕಿಕ್ ಹೊಡೆಯಿರಿ. ಸ್ಪಾರ್ಕ್ ಬಂದರೆ ಕಾಯಿಲ್, ಸಿಡಿಐ ಎರಡೂ ಬದುಕಿವೆ. ಆಮೇಲೆ ಕೀ ಆನ್ ಇಟ್ಟು, ಬಿಡಿಸಿದ ವಯರಿನಿಂದ ಅರ್ತಿಗೆ ಎಷ್ಟು ತಡೆ ಇದೆ ನೋಡಬೇಕು. ಒಣ ಸ್ವಿಚ್ಚಿನಲ್ಲಿ ಮೀಟರ್ ಬರೀ '1' ತೋರಿಸುತ್ತದೆ, ಅಂದರೆ ದಾರಿಯೇ ಇಲ್ಲ. ನನ್ನದು ಒದ್ದೆಯಾಗಿದ್ದಾಗ ಕೆಲವೇ ಕಿಲೋ ಓಮ್ ತೋರಿಸಿತು. ಇಲ್ಲಿ ಬೀಪ್ ಕೂಗುವುದಿಲ್ಲ, ಅಂಕಿಯನ್ನೇ ಓದಬೇಕು. ಸ್ವಿಚ್ಚನ್ನು ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿದರೆ ಸರಿಯಾಗುತ್ತದೆ. ಆ ವಯರನ್ನು ಬಿಡಿಸಿಯೇ ಗಾಡಿ ಓಡಿಸಬೇಡಿ. ಕೀ ತಿರುಗಿಸಿದರೂ ಇಂಜಿನ್ ನಿಲ್ಲುವುದಿಲ್ಲ, ಪೇಟೆಯಲ್ಲಿ ಅದು ಅಪಾಯ.

ವಯರಿನ ಬಣ್ಣವನ್ನು ಮಾತ್ರ ಅಂದಾಜಿನಲ್ಲಿ ಹಿಡಿಯಬೇಡಿ. ಒಂದು ಕಂಪನಿಯ ಗಾಡಿಯಲ್ಲಿ ಹಸಿರು ಅರ್ತ್, ಇನ್ನೊಂದರಲ್ಲಿ ಕಪ್ಪು. ನಿಮ್ಮ ಗಾಡಿಯ ವಯರಿಂಗ್ ನಕ್ಷೆ ಎದುರಿಗೆ ಇಟ್ಟುಕೊಂಡೇ ಶುರು ಮಾಡಿ.

ಇನ್ನು ಮೀಟರಿನ ಕೊರತೆಗಳು. ಅತಿ ಕಳಪೆ ಅಂದರೆ ಅದರ ಜೊತೆ ಬರುವ ಲೀಡುಗಳು, ಪ್ರೋಬಿನ ವಯರುಗಳು. ಒಳಗಿನ ತಾಮ್ರ ತೀರಾ ಕಡಿಮೆ, ಪ್ರೋಬಿನ ಬುಡದಲ್ಲಿ ತುಂಡಾಗುತ್ತದೆ. ನನ್ನದು ಒಂದು ವರ್ಷ ತುಂಬುವ ಮೊದಲೇ ಹೋಯಿತು. ಬೇರೆ ಒಳ್ಳೆ ಲೀಡ್ ತಂದು ಹಾಕಿದೆ. ಪ್ರತಿ ಸಲ ಶುರು ಮಾಡುವ ಮೊದಲು ಎರಡು ಪ್ರೋಬನ್ನು ಒಂದಕ್ಕೊಂದು ಮುಟ್ಟಿಸಿ ಬೀಪ್ ಬರುತ್ತದಾ ಅಂತ ನೋಡುವುದು ಒಳ್ಳೆಯದು.

ಎರಡನೆಯದು ಒಳಗಿನ 9 ವೋಲ್ಟ್ ಬ್ಯಾಟರಿ. ತಾನಾಗಿ ಆಫ್ ಆಗುವ ವ್ಯವಸ್ಥೆ ಇದರಲ್ಲಿಲ್ಲ. ಬ್ಯಾಟರಿ ಇಳಿಯುತ್ತ ಬಂದ ಹಾಗೆ ಮೀಟರ್ ಇರುವುದಕ್ಕಿಂತ ಜಾಸ್ತಿ ವೋಲ್ಟ್ ತೋರಿಸತೊಡಗುತ್ತದೆ. ಇಳಿದುಹೋದ ಬೈಕಿನ ಬ್ಯಾಟರಿ ತುಂಬಿದ ಹಾಗೆ ಕಾಣುತ್ತದೆ. ಪರದೆಯಲ್ಲಿ ಬ್ಯಾಟರಿ ಚಿಹ್ನೆ ಬಂದ ದಿನವೇ ಬದಲಿಸಿ, ನಾಳೆಗೆ ಇಡಬೇಡಿ.

ಎಸಿ ವೋಲ್ಟ್ ಬಗ್ಗೆಯೂ ಎಚ್ಚರ ಬೇಕು. ಇದು ಮನೆಯ 50 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ಮ್ಯಾಗ್ನೆಟ್‌ನಿಂದ ಬರುವ ಎಸಿ ಇಂಜಿನ್ ವೇಗದ ಜೊತೆ ಬದಲಾಗುತ್ತದೆ. ಅಲ್ಲಿ ಏರುತ್ತಿದೆಯೋ ಇಲ್ಲವೋ ಅಂತ ನೋಡಬಹುದು. ಅಂಕಿಯನ್ನೇ ನಂಬಿ ಕಾಯಿಲ್ ಹಾಳಾಗಿದೆ ಅನ್ನಬಾರದು. ಇಗ್ನಿಷನ್ ಕಾಯಿಲಿನ ಪ್ರೈಮರಿಯಂಥ 1 ಓಮ್ ಒಳಗಿನ ತಡೆಯನ್ನೂ ಇದು ಸರಿಯಾಗಿ ಹೇಳುವುದಿಲ್ಲ. ಲೀಡಿನ ತಡೆಯೇ ಅದರಲ್ಲಿ ಸೇರಿಕೊಳ್ಳುತ್ತದೆ.

ಪ್ಲಗ್ ವಯರಿಗೆ ಮಾತ್ರ ಯಾವತ್ತೂ ಪ್ರೋಬ್ ಹಿಡಿಯಬೇಡಿ. ಅಲ್ಲಿ ಸಾವಿರಾರು ವೋಲ್ಟ್ ಹಾರುತ್ತದೆ. ಮೀಟರಿಗೂ ಕೆಟ್ಟದ್ದು, ನಿಮಗೂ ಕೆಟ್ಟದ್ದು. ಹಾಗೆಯೇ 10 ಆಂಪಿಯರ್ ತೂತು. ಅದರ ಪಕ್ಕ 'ಫ್ಯೂಸ್ ಇಲ್ಲ' ಅಂತ ಅಚ್ಚಾಗಿದೆ. ಗಾಡಿ ನಿಂತಲ್ಲೇ ಬ್ಯಾಟರಿ ಸೋರುತ್ತಿದೆಯಾ ನೋಡಲು ಇದು ಉಪಯೋಗಕ್ಕೆ ಬರುತ್ತದೆ. ಕೀ ಆಫ್ ಮಾಡಿ, ಮೈನಸ್ ವಯರು ಬಿಡಿಸಿ, ನಡುವೆ ಮೀಟರ್ ಸೇರಿಸಿದರೆ ಗಡಿಯಾರ, ಅಲಾರಂ ಇಲ್ಲದ ಹಳೆ ಗಾಡಿಯಲ್ಲಿ ಸೊನ್ನೆಯ ಹತ್ತಿರವೇ ಇರಬೇಕು. ಆದರೆ ಮೀಟರ್ ಹಾಗೆ ಸೇರಿಸಿರುವಾಗ ಸೆಲ್ಫ್ ಒತ್ತಬೇಡಿ. ಕೆಲಸ ಮುಗಿದ ಕೂಡಲೇ ಕೆಂಪು ಲೀಡನ್ನು ವೋಲ್ಟಿನ ತೂತಿಗೆ ವಾಪಸು ಹಾಕಿ. ಮರೆತು ಆ ಲೀಡನ್ನು ನೇರ ಬ್ಯಾಟರಿಗೆ ಹಿಡಿದರೆ ಶಾರ್ಟ್ ಆಗುತ್ತದೆ.

ಮೀಟರಿನ ಜೊತೆ ನಾನು ಇಟ್ಟುಕೊಂಡಿರುವ ಇನ್ನೊಂದು ಸಾಮಾನು ಹಳೆ ಇಂಡಿಕೇಟರ್ ಹೋಲ್ಡರ್. ಅದರಲ್ಲಿ 10 ವ್ಯಾಟಿನ 12 ವೋಲ್ಟ್ ಬಲ್ಬ್, ಎರಡು ಉದ್ದ ವಯರು, ತುದಿಗೆ ಕ್ಲಿಪ್ಪು. ಅನುಮಾನದ ವಯರಿನ ತುದಿಯಿಂದ ಅರ್ತಿಗೆ ಇದನ್ನು ಸಿಕ್ಕಿಸಿದರೆ ಸುಮಾರು 0.8 ಆಂಪಿಯರ್ ಎಳೆಯುತ್ತದೆ. ಬೀಪ್ ಕೂಗಿ ಪಾಸಾದ ವಯರು ಇಲ್ಲಿ ಮಬ್ಬು ಬೆಳಕು ಕೊಟ್ಟು ಸಿಕ್ಕಿಬೀಳುತ್ತದೆ. ಬಲ್ಬ್ ಉರಿಯುತ್ತಿರುವಾಗ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ, ವಯರು ಕಟ್ಟನ್ನು ಅಲ್ಲಲ್ಲಿ ಅಲ್ಲಾಡಿಸಿ ನೋಡಿ. ಎಲ್ಲಿ ಬೆಳಕು ನಡುಗುತ್ತದೋ ಅಲ್ಲೇ ಬಿಚ್ಚಿದರಾಯಿತು. ಸಿಡಿಐಯ ವಯರುಗಳಿಗೆ ಮಾತ್ರ ಈ ಬಲ್ಬ್ ಹಾಕಬೇಡಿ.

ಕೊಳ್ಳಬೇಕಾ? ಹಳೆ ಗಾಡಿ ಇದ್ದರೆ ಧೈರ್ಯವಾಗಿ ಕೊಳ್ಳಿ, ಲೀಡಿಗೆ ಬೇರೆ ದುಡ್ಡು ಎತ್ತಿಡಿ. ದಿನವೂ ಇದೇ ಕೆಲಸ ಮಾಡುವ ಮೆಕ್ಯಾನಿಕ್ ಆದರೆ ತಾನಾಗಿ ಆಫ್ ಆಗುವ, 10 ಆಂಪಿಯರಿಗೂ ಫ್ಯೂಸ್ ಇರುವ ಮೀಟರಿಗೇ ಹೋಗಿ. ನನ್ನ ಅಂಕ ಐದರಲ್ಲಿ ನಾಲ್ಕು. ಕಡಿಮೆಯಾದ ಒಂದು ಅಂಕ ಪೂರ್ತಿ ಆ ಲೀಡುಗಳ ಲೆಕ್ಕಕ್ಕೆ.