ಮೂರು ಮಳೆಗಾಲ ಸೊಂಟದಲ್ಲಿದ್ದ ಚಾಕು: ಮೋರಾ ಕಂಪ್ಯಾನಿಯನ್

ಮಳೆಯಲ್ಲಿ ಅಡಿಕೆ ತೋಟದ ನಡುವೆ ನಿಂತು, ಒಂದು ಕೈಯಲ್ಲಿ ಮೆಣಸಿನ ಬಳ್ಳಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮಡಚುವ ಚಾಕು ಬಿಡಿಸಲು ಹೋಗಿದ್ದೀರಾ? ಕೈ ಒದ್ದೆ. ಚಾಕುವಿನ ಕೀಲಿನಲ್ಲಿ ಮಣ್ಣು, ಬಾಳೆಯ ಸೊನೆ. ಉಗುರು ಹಾಕಿ ಎಳೆದರೆ ಬರುವುದಿಲ್ಲ, ಬಂದರೆ ಒಮ್ಮೆಲೇ ಬರುತ್ತದೆ. ಹಾಗೆ ಬಂದ ದಿನ ನನ್ನ ಹೆಬ್ಬೆರಳು ಚೆನ್ನಾಗಿಯೇ ಕೊಯ್ದಿತು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮಡಚುವ ಚಾಕು ಬೇಡ, ಒರೆಯಿಂದ ಎಳೆದರೆ ಸೀದಾ ಕೈಗೆ ಬರುವಂಥದ್ದು ಬೇಕು.

ಮೊದಲು ತಂದದ್ದು ತಪ್ಪು ಚಾಕು. ಫೋಟೋ ನೋಡಿ ಆನ್‌ಲೈನ್‌ನಲ್ಲಿ ತರಿಸಿದೆ. ಕಪ್ಪು ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಸಿನಿಮಾದಲ್ಲಿ ಕಾಡಿಗೆ ಹೋಗುವವರ ಕೈಯಲ್ಲಿ ಇರುತ್ತದಲ್ಲ, ಆ ಥರ. ಅಲಗು ಎಷ್ಟು ದಪ್ಪ ಅಂದರೆ ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದಕ್ಕೂ ಒತ್ತಬೇಕಾಗುತ್ತಿತ್ತು. ಬೆನ್ನಿನ ಹಲ್ಲಿನಿಂದ ಏನೂ ಕೊಯ್ಯಲಾಗಲಿಲ್ಲ. ಹೆಬ್ಬೆರಳನ್ನು ಬೆನ್ನಿನ ಮೇಲೆ ಇಟ್ಟು ಒತ್ತೋಣ ಅಂದರೆ ಅದಕ್ಕೂ ಅಡ್ಡ. ಈಗ ಅದು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟಿದೆ.

ಆಮೇಲೆ ಕೊಂಡದ್ದು ಮೋರಾ ಕಂಪ್ಯಾನಿಯನ್. ಮೋರಾ ಸ್ವೀಡನ್‌ನ ಒಂದು ಊರು. 1891ರಿಂದ ಅಲ್ಲಿ ಈ ಚಾಕು ಮಾಡುವ ಕಂಪನಿಯ ಕೆಲಸ ನಡೆಯುತ್ತಿದೆ. ಅಲ್ಲಿ ಬಡಗಿಗಳು, ಮೀನು ಹಿಡಿಯುವವರು ದಿನಾ ಬಳಸುವ ಸಾದಾ ಚಾಕು ಇದು, ಶೋಕಿಯ ವಸ್ತುವಲ್ಲ. ನನಗೆ ಎರಡು ಸಾವಿರದ ಒಳಗೆ ಬಿತ್ತು. ಅಲಗು ಸುಮಾರು 10 ಸೆಂಟಿಮೀಟರ್, ಅಂದರೆ ನಾಲ್ಕು ಇಂಚು. ಸ್ಟೇನ್‌ಲೆಸ್ ಅಲಗಿನ ದಪ್ಪ 2.5 ಮಿಲಿಮೀಟರ್. ಹಿಡಿ ಪ್ಲಾಸ್ಟಿಕ್, ಮೇಲೆ ರಬ್ಬರಿನ ಹೊದಿಕೆ. ಒರೆಯೂ ಪ್ಲಾಸ್ಟಿಕ್ಕೇ. ನೋಡಲು ಏನೂ ಇಲ್ಲ. ಆದರೆ ಮಳೆಯಲ್ಲಿ, ಎಣ್ಣೆ ಕೈಯಲ್ಲಿ ಹಿಡಿದರೂ ಜಾರುವುದಿಲ್ಲ, ನನಗೆ ಬೇಕಾದದ್ದು ಅದೇ.

ಇದರಲ್ಲಿ ಎರಡು ಬಗೆ ಇದೆ, ಕಾರ್ಬನ್ ಸ್ಟೀಲ್ ಮತ್ತು ಸ್ಟೇನ್‌ಲೆಸ್. ಕಾರ್ಬನ್ನಿಗೆ ಹರಿತ ಬೇಗ ಬರುತ್ತದೆ ಅಂತ ತುಂಬಾ ಜನ ಅದನ್ನೇ ಹೊಗಳುತ್ತಾರೆ. ಮಲೆನಾಡು, ಕರಾವಳಿಯವರು ದಯವಿಟ್ಟು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ನಾನು ಕಾರ್ಬನ್ನಿನದೂ ಒಂದು ಇಟ್ಟುಕೊಂಡಿದ್ದೆ. ಹಸಿ ಅಡಿಕೆ ಕೊಯ್ದರೆ ಅದರ ಒಗರಿಗೆ ಅಲಗು ನೋಡನೋಡುತ್ತಲೇ ಕಪ್ಪಾಗುತ್ತದೆ, ಶಾಯಿ ಬಳಿದ ಹಾಗೆ. ಅದು ಬಣ್ಣ ಮಾತ್ರ, ಚಾಕುವಿಗೆ ಏನೂ ಆಗುವುದಿಲ್ಲ. ಆದರೆ ಜುಲೈನಲ್ಲಿ ಒಂದು ಸಂಜೆ ಒರೆಸದೆ ಒರೆಗೆ ಹಾಕಿಟ್ಟೆ, ಎರಡು ದಿನ ಬಿಟ್ಟು ತೆಗೆದರೆ ಬಾಯಿಯ ಉದ್ದಕ್ಕೂ ಕೆಂಪು ತುಕ್ಕು. ತಪ್ಪು ನನ್ನದೇ. ಸ್ಟೇನ್‌ಲೆಸ್ ಆದರೆ ಇಂಥ ಒಂದು ಮರೆವನ್ನು ತಡೆದುಕೊಳ್ಳುತ್ತದೆ.

ಸಾಣೆಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಏಕೆಂದರೆ ಈ ಚಾಕುವಿನ ದೊಡ್ಡ ಗುಣ ಇರುವುದು ಅಲ್ಲೇ. ಅಲಗಿನ ಎರಡೂ ಪಕ್ಕದಲ್ಲಿ ಅಗಲವಾದ ಇಳಿಜಾರು ಇರುತ್ತದೆ, ಇದಕ್ಕೆ ಸ್ಕ್ಯಾಂಡಿ ಅನ್ನುತ್ತಾರೆ. ಆ ಇಳಿಜಾರನ್ನು ಕಲ್ಲಿನ ಮೇಲೆ ಇಟ್ಟರೆ ತಾನಾಗಿಯೇ ಕೂರುತ್ತದೆ, ಎಷ್ಟು ಓರೆ ಹಿಡಿಯಬೇಕು ಅಂತ ಲೆಕ್ಕ ಹಾಕಬೇಕಿಲ್ಲ. ನಾನು ಮಾಡುವುದು ಹೀಗೆ: ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಗೀಚುತ್ತೇನೆ. ಕಲ್ಲಿಗೆ ನೀರು ಹಾಕಿ ನಾಲ್ಕು ಸಲ ಉಜ್ಜಿ ತಿರುಗಿಸಿ ನೋಡುತ್ತೇನೆ. ಶಾಯಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ, ಕೈ ಅಷ್ಟು ತಿದ್ದಿಕೊಂಡರೆ ಆಯಿತು. ಒಂದು ಪಕ್ಕ ಸಾಕಷ್ಟು ಉಜ್ಜಿದ ಮೇಲೆ ಇನ್ನೊಂದು ಪಕ್ಕದ ಅಂಚಿನಲ್ಲಿ ಕೂದಲೆಳೆಯಂಥ ಒಂದು ತರಿ ಬೆರಳಿಗೆ ತಾಗುತ್ತದೆ. ಅದು ಉದ್ದಕ್ಕೂ ಬಂದರೆ ಆ ಪಕ್ಕ ಮುಗಿಯಿತು. ಇನ್ನೊಂದು ಪಕ್ಕವನ್ನೂ ಹಾಗೇ ಮಾಡಿ, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬಾಯಿ ಹಿಂದೆ ಇರುವಂತೆ ಹತ್ತಿಪ್ಪತ್ತು ಸಲ ಎಳೆದರೆ ಪೇಪರ್ ಸದ್ದಿಲ್ಲದೆ ಕೊಯ್ಯುತ್ತದೆ. ಸಾವಿರ ನಂಬರಿನ ಒಂದು ಕಲ್ಲು ಇದ್ದರೆ ಮನೆಗೆ ಸಾಕು. ಕರೆಂಟಿನ ಗ್ರೈಂಡರಿಗೆ ಮಾತ್ರ ಕೊಡಬೇಡಿ, ಬಾಯಿ ಕಾದು ನೀಲಿಯಾದರೆ ಹದ ಹೋಯಿತು ಅಂತಲೇ ಅರ್ಥ.

ಡ್ರಿಪ್ ಪೈಪು ಕೊಯ್ಯಲು, ಸುತಲಿ ಹಗ್ಗಕ್ಕೆ, ಬಾಳೆಲೆಗೆ, ಮೆಣಸಿನ ಕುಡಿ ತೆಗೆಯಲು, ಪಾರ್ಸೆಲ್ ಒಡೆಯಲು, ಎಲ್ಲದಕ್ಕೂ ಇದೇ. ಹಲಸಿನ ಹಣ್ಣಿಗೂ ಸೈ. ಅಲಗಿಗೆ ಮೊದಲೇ ತೆಂಗಿನೆಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ, ಅಂಟಿದರೂ ಎಣ್ಣೆ ಬಟ್ಟೆಯಲ್ಲಿ ಹೋಗುತ್ತದೆ.

ಅಡುಗೆಮನೆಯಲ್ಲಿ ಮಾತ್ರ ಅಷ್ಟಕ್ಕಷ್ಟೇ. ಟೊಮೆಟೊ, ಹಣ್ಣು ಸರಿ. ಕ್ಯಾರೆಟ್ ತೆಳ್ಳಗೆ ಹೆಚ್ಚಲು ಹೋದರೆ ಆ ಇಳಿಜಾರಿನ ದಪ್ಪಕ್ಕೆ ಟಪ್ ಅಂತ ಸೀಳಿಹೋಗುತ್ತದೆ. ಅಮ್ಮ ಒಂದು ದಿನ ಹಿಡಿದು ನೋಡಿ, "ತಮಾ, ಇದು ನಿನ್ನ ತೋಟಕ್ಕೇ ಇರಲಿ" ಅಂತ ಮೆಟ್ಟುಗತ್ತಿಯ ಮುಂದೆ ಕೂತರು. ಅವರು ಹೇಳಿದ್ದು ಸರಿಯೇ ಇದೆ.

ಇದು ಕತ್ತಿಯ ಕೆಲಸ ಮಾಡುವುದಿಲ್ಲ ಎನ್ನುವುದೂ ಗೊತ್ತಿರಲಿ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿಲ್ಲ. ಕಾಯಿ ಒಡೆಯುವುದು, ಡಬ್ಬದ ಮುಚ್ಚಳ ಮೀಟುವುದು, ಮೇಲಿಂದ ಕೊಡತಿ ಹೊಡೆದು ಸೌದೆ ಸೀಳುವುದು ಇದಕ್ಕಲ್ಲ. ಕಡಿಯುವ ಕೆಲಸಕ್ಕೆ ಊರಿನ ಕುಲುಮೆಗೇ ಹೋಗಿ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ನಮ್ಮ ಆಚಾರರು ಬಡಿದುಕೊಟ್ಟ ಕತ್ತಿಗೆ ಸಮ ಯಾವುದೂ ಇಲ್ಲ. ಕೈಗೆ ತಕ್ಕ ಹಿಡಿ ಹಾಕಿಕೊಡುತ್ತಾರೆ, ಬಾಯಿ ಹೋದರೆ ಮತ್ತೆ ಕಾಸಿ ಸರಿ ಮಾಡುತ್ತಾರೆ. ಅವರಿಗೂ ನಾಲ್ಕು ಕೆಲಸ ಸಿಗಲಿ, ಅಲ್ವಾ?

ಕಾನೂನಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ಆರ್ಮ್ಸ್ ರೂಲ್ಸ್, ಅಂದರೆ ಆಯುಧಗಳ ಬಗೆಗಿನ ಸರ್ಕಾರದ ನಿಯಮಗಳು, ಆಯುಧ ಅಂತ ಲೆಕ್ಕ ಹಾಕುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುವನ್ನು. ಮನೆಗೆಲಸಕ್ಕೆ, ಕೃಷಿಗೆ ಅಂತಲೇ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ಇದು ನಾಲ್ಕೇ ಇಂಚು. ಹಾಗಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆ ತಿರುಗುವುದು ಬೇಡ. ಬೆಂಗಳೂರಿಗೆ ಹೋಗುವಾಗ ನಾನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ವಿಮಾನದ ಕೈಚೀಲದಲ್ಲಂತೂ ಬಿಡುವುದೇ ಇಲ್ಲ.

ಮನೆಗೆ ಬಂದ ಮೇಲೆ ಅಲಗನ್ನು ತೊಳೆದು ಒರೆಸಿ, ಒರೆಯನ್ನು ಬೋರಲು ಹಾಕಿ ಬೇರೆಯಾಗಿ ಒಣಗಿಸಿ. ಇದನ್ನು ಮರೆಯುವವರೇ ಜಾಸ್ತಿ. ಚಾಕು ಎಷ್ಟು ಒರೆಸಿದರೂ ಒರೆಯೊಳಗೆ ನೀರಿದ್ದರೆ ಸುಮ್ನೆ.

ಬಣ್ಣ ಆರಿಸುವಾಗ ಹಸಿರು ಬೇಡ, ಕಿತ್ತಳೆ ತೆಗೆದುಕೊಳ್ಳಿ. ನನ್ನದು ಹಸಿರು. ಹೋದ ವರ್ಷ ಕಾಲುವೆ ಬದಿಯ ಹುಲ್ಲಿನಲ್ಲಿ ಬಿದ್ದು, ಮೂರು ಜನ ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು. ಅವತ್ತಿನಿಂದ ಹಿಡಿಗೆ ಕೆಂಪು ಟೇಪು ಸುತ್ತಿದ್ದೇನೆ.